ಸ್ವಂತ ವಾಕ್ಯದಲ್ಲಿ ಬಳಸಿರಿ: 'ಪರಭಾರೆ'

1

ಕನ್ನಡದ ಪ್ರಶ್ನೆಪತ್ರಿಕೆ ಯಾವ ತರಗತಿಯದ್ದೇ ಇರಲಿ, ಅದರ ಒಂದು ಮೂಲೆಯಲ್ಲಿ ಈ ಸಣ್ಣ ಪ್ರಶ್ನೆ ಕೂತಿರುತ್ತದೆ: 'ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ.' ಒಂದೊಂದಕ್ಕೆ ಒಂದು ಅಂಕ. ಇದನ್ನು ಬರೆಯುವವರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ತಿದ್ದುವವರೂ ತೆಗೆದುಕೊಳ್ಳುವುದಿಲ್ಲ. ಪ್ರಬಂಧ, ಸಾರಾಂಶ, ಸಂದರ್ಭ ಸಹಿತ ವಿವರಣೆಗಳ ನಡುವೆ ಇದೊಂದು ಪುಡಿಗಾಸು. ಆದರೆ ಈ ಪುಡಿಗಾಸಿನಂಥ ಪ್ರಶ್ನೆಯೊಳಗೆ ದಲಿತ ವಿಮರ್ಶೆ ಕೇಳಿಕೊಳ್ಳಲೇಬೇಕಾದ ಒಂದು ದೊಡ್ಡ ಪ್ರಶ್ನೆ ಅಡಗಿದೆ ಅಂತ ನನಗೆ ಈಚೆಗೆ ಅನ್ನಿಸತೊಡಗಿದೆ. 'ಕಠಿಣ ಪದ', 'ಅಪರೂಪದ ಪದ' ಅನ್ನುತ್ತೇವಲ್ಲ, ಅದು ಯಾರಿಗೆ ಅಪರೂಪ? 'ಸ್ವಂತ ವಾಕ್ಯ' ಅನ್ನುತ್ತೇವಲ್ಲ, ಅದು ಯಾರ ಸ್ವಂತದ್ದು?

ನಾನು ಪಾಠ ಮಾಡುವ ಪದವಿ ಕಾಲೇಜಿನಲ್ಲಿ ಕಿರುಪರೀಕ್ಷೆಯೊಂದಕ್ಕೆ ಪ್ರಶ್ನೆ ತೆಗೆಯುವ ಸರದಿ ನನ್ನದಾಗಿತ್ತು. ಐದು ಪದಗಳಲ್ಲಿ ಒಂದಾಗಿ 'ಪರಭಾರೆ' ಎಂಬ ಪದ ಕೊಟ್ಟೆ. ಯಾಕೆ ಕೊಟ್ಟೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಬಂದ ಉತ್ತರಗಳಲ್ಲಿ ನಾಲ್ಕನ್ನು ಇಲ್ಲಿ ಇಡುತ್ತೇನೆ.

ಒಂದು: 'ಮೇಷ್ಟ್ರು ಪರಭಾರೆ ಪದದ ಅರ್ಥವನ್ನು ಕೇಳಿದರು.' ಎರಡು: 'ಅಕ್ಕ ಮನೆಕೆಲಸವನ್ನೆಲ್ಲ ನನಗೆ ಪರಭಾರೆ ಮಾಡಿ ಪೇಟೆಗೆ ಹೋದಳು.' ಮೂರು: 'ಮದುವೆಯಾದ ಮೇಲೆ ಹೆಣ್ಣುಮಕ್ಕಳು ಪರಭಾರೆಯಾಗುತ್ತಾರೆ.' ನಾಲ್ಕು: 'ನಮ್ಮ ತಾತನಿಗೆ ಸರ್ಕಾರ ಕೊಟ್ಟಿದ್ದ ಜಮೀನು ಪರಭಾರೆ ಆಗಿರೋದ್ರಿಂದ ನಾವು ಅದೇ ಜಮೀನಿಗೆ ಕೂಲಿಗೆ ಹೋಗ್ತೀವಿ.'

ಮೊದಲನೆಯ ಹುಡುಗ ಜಾಣ. ಎರಡನೆಯವನು 'ಪರ', 'ಭಾರ' ಎಂದು ಪದವನ್ನು ಒಡೆದು ನೋಡಿ ಊಹೆ ಮಾಡಿದ್ದಾನೆ. ಮೂರನೆಯ ವಾಕ್ಯ ಓದಿ ನಗು ಬಂತು, ಆಮೇಲೆ ನಗು ನಿಂತಿತು. ಕನ್ಯೆಯನ್ನು 'ದಾನ' ಕೊಡುವ ಸಮಾಜದಲ್ಲಿ ಆ ಹುಡುಗಿ ಬರೆದದ್ದು ಪೂರ್ತಿ ತಪ್ಪು ಅನ್ನುವುದು ಹೇಗೆ? ನಾಲ್ಕನೆಯ ವಾಕ್ಯ ಕೊನೇ ಬೆಂಚಿನ ಹುಡುಗಿಯದು. ಉತ್ತರಪತ್ರಿಕೆಗಳಲ್ಲಿ ಅರ್ಧವನ್ನು ತಿದ್ದಿದ್ದು ನನ್ನ ಸಹೋದ್ಯೋಗಿ. ಅವರು ಆ ವಾಕ್ಯದಲ್ಲಿ 'ಆಗಿರೋದ್ರಿಂದ', 'ಹೋಗ್ತೀವಿ' ಎರಡಕ್ಕೂ ಕೆಂಪು ಗೆರೆ ಎಳೆದು 'ಗ್ರಾಮ್ಯ' ಎಂದು ಬರೆದು ಅರ್ಧ ಅಂಕ ಕಡಿದಿದ್ದರು. ಮೊದಲನೆಯ ಹುಡುಗನಿಗೆ ಪೂರ್ತಿ ಒಂದು ಅಂಕ. ವಾಕ್ಯದಲ್ಲಿ ವ್ಯಾಕರಣದೋಷ ಇಲ್ಲವಲ್ಲ!

ನಾಲ್ಕು ವಾಕ್ಯಗಳಲ್ಲಿ ಪದವನ್ನು ಸರಿಯಾಗಿ ಬಳಸಿದ್ದು ಆ ಹುಡುಗಿ ಒಬ್ಬಳೇ. ಅವಳಿಗೆ ಅದು ನಿಘಂಟಿನಿಂದ ಬಂದ ಪದವಲ್ಲ, ಮನೆಯಿಂದ ಬಂದದ್ದು.

2

'ಪರಭಾರೆ' ನನಗೂ ಮನೆಯಿಂದಲೇ ಬರಬೇಕಾಗಿತ್ತು. ಬರಲಿಲ್ಲ.

ನಮ್ಮ ತಾತನಿಗೆ 1974ರಲ್ಲಿ ಎರಡು ಎಕರೆ ಜಮೀನು ಮಂಜೂರಾಗಿತ್ತು. ಸಾಗುವಳಿ ಚೀಟಿ ಕೊಟ್ಟಿದ್ದರು. ಅದರಲ್ಲಿ ಹದಿನೈದು ವರ್ಷ 'ಪರಭಾರೆ ಮಾಡಕೂಡದು' ಎಂದು ಷರತ್ತು ಇತ್ತು. ತಾತನಿಗೆ ಓದು ಬರುತ್ತಿರಲಿಲ್ಲ. 1983ರಲ್ಲಿ ಮನೆಯಲ್ಲಿ ಕಾಯಿಲೆ, ಸಾಲ. ಊರಿನ ದೊಡ್ಡ ಮನೆಯವರಿಗೆ ಹೊಲವನ್ನು ಭೋಗ್ಯಕ್ಕೆ ಬಿಟ್ಟ. ಬಿಳೀ ಹಾಳೆಯ ಮೇಲೆ ಹೆಬ್ಬೆಟ್ಟು. ಮೂರು ವರ್ಷದ ಭೋಗ್ಯ ಮುಗಿಯಲೇ ಇಲ್ಲ. ತಾತ ಸತ್ತ. ನಾನು ಹುಟ್ಟುವ ಹೊತ್ತಿಗೆ ಆ ಹೊಲದ ದಾರಿಯೂ ಬೇರೆಯಾಗಿತ್ತು. ಅಜ್ಜಿ ಅದರ ಬದುವಿನ ಪಕ್ಕ ಹಾದುಹೋಗುವಾಗೆಲ್ಲ ಒಂದೇ ಮಾತು ಅನ್ನುತ್ತಿದ್ದಳು: "ಹೊಲ ಹೋಯ್ತು ಕಣ್ ಮಗ."

2011ರಲ್ಲಿ ಯಾರೋ ಹೇಳಿಕೊಟ್ಟು ಅಪ್ಪ ಅರ್ಜಿ ಹಾಕಿದ. ವಿಚಾರಣೆಯ ದಿನ ನಾನೂ ಜೊತೆಗೆ ಹೋಗಿದ್ದೆ, ಎಂಟನೇ ಕ್ಲಾಸಿನ ಹುಡುಗ. ಕಛೇರಿಯ ಒಳಗೆ ನಮ್ಮನ್ನು ಕರೆದದ್ದು ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ. ಮೇಜಿನ ಆಚೆ ಕೂತಿದ್ದವರು ಕಾಗದದಿಂದ ಕಣ್ಣೆತ್ತದೆ ಕೇಳಿದರು:

"ಜಮೀನು ಪರಭಾರೆ ಆಗಿದೆಯೇನ್ರಿ?"

ಅಪ್ಪ ಕೈ ಮುಗಿದುಕೊಂಡೇ, ಆದರೆ ಸ್ವಲ್ಪ ರೋಷದಲ್ಲಿಯೇ ಹೇಳಿದ: "ಇಲ್ಲ ಸ್ವಾಮಿ. ನಾವು ಮಾರಿಲ್ಲ. ನಮ್ಮಪ್ಪ ಮಾರೋ ಅಂಥ ಮನುಷ್ಯ ಅಲ್ಲ."

ಅವರು ಬರೆದುಕೊಂಡರು. ಅಪ್ಪ ಸಹಿ ಮಾಡಿದ. ಹೊರಗೆ ಬಂದು ಟೀ ಕುಡಿಸಿದ. ಸರಿಯಾಗಿ ಮಾತಾಡಿದೆ ಎಂಬ ಸಮಾಧಾನ ಅವನ ಮುಖದಲ್ಲಿತ್ತು. ಕೆಲವು ತಿಂಗಳ ಮೇಲೆ ಅರ್ಜಿ ವಜಾ ಆಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಾಗದವನ್ನು ಟ್ರಂಕಿನೊಳಗೆ ಇಟ್ಟೆವು. ಹೊಲ ಎರಡನೇ ಸಲ ಹೋಯ್ತು.

2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಕೂತಿದ್ದಾಗ ಆ ಟ್ರಂಕು ತೆಗೆದೆ. ಆದೇಶದ ನಕಲಿನಲ್ಲಿ ಒಂದು ಸಾಲು ಇತ್ತು. ಜಮೀನು ಪರಭಾರೆ ಆಗಿಲ್ಲವೆಂದು ಅರ್ಜಿದಾರರೇ ಹೇಳಿಕೆ ಕೊಟ್ಟಿದ್ದಾರೆ ಎಂಬ ಅರ್ಥದ ಸಾಲು. ಅದನ್ನು ಎತ್ತಿಕೊಂಡು ತಾಲ್ಲೂಕಿನ ಸಂಘಟನೆಯ ಹಿರಿಯರೊಬ್ಬರ ಹತ್ತಿರ ಹೋದೆ. ಅಣ್ಣ ಎಸ್ಸೆಸ್ಸೆಲ್ಸಿ ಪಾಸು ಮಾಡಿದವರಲ್ಲ. ಕಾಗದ ಓದಿ, ಮಡಿಸಿ, ನನ್ನನ್ನೇ ಕೇಳಿದರು: "ನೀನು ಎಂ.ಎ. ಕನ್ನಡ ಅಲ್ವೇನಪ್ಪ, ಪರಭಾರೆ ಅಂದ್ರೆ ಏನು ಹೇಳು ನೋಡನ."

"ಮಾರಾಟ ಅಣ್ಣ" ಅಂದೆ.

ಅವರು ನಕ್ಕರು. "ನಿಮ್ಮಪ್ಪನೂ ಹಂಗೇ ಅಂದ್ಕೊಂಡಿದ್ದು. ಅದಕ್ಕೇ ಹೊಲ ಹೋಗಿದ್ದು."

ಓದದ ಅಪ್ಪನಿಗೂ ಓದಿದ ನನಗೂ ಆ ಪದದ ವಿಷಯದಲ್ಲಿ ಒಂದೇ ಅಜ್ಞಾನ. ಪಂಪನಿಂದ ಹಿಡಿದು ಇವತ್ತಿನವರೆಗೆ ಓದಿ ಪದವಿ ತೆಗೆದುಕೊಂಡ ನನಗೆ ನನ್ನ ಮನೆಯ ಹೊಲವನ್ನು ಕಟ್ಟಿಹಾಕಿದ್ದ ಒಂದು ಪದ ಗೊತ್ತಿರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಆ ಪದ ಕೊಟ್ಟದ್ದು ಇದಕ್ಕೆ.

3

ಹಾಗಾದರೆ ಒಂದು ಅಪರೂಪದ ಪದವನ್ನು ಸರಿಯಾಗಿ ಬಳಸುವುದು ಅಂದರೆ ಏನು? ನಮಗೆ ಶಾಲೆಯಲ್ಲಿ ಕಲಿಸಿದ್ದು ಹೀಗೆ: ಪದದ ಅರ್ಥ ತಿಳಿದುಕೋ, ಆ ಅರ್ಥ ಬರುವ ಜಾಗದಲ್ಲಿ ಪದವನ್ನು ಕೂರಿಸು. ಪರಭಾರೆ ಎಂದರೆ ಪರರಿಗೆ ವಹಿಸುವುದು. ಆದ್ದರಿಂದ ಅಕ್ಕ ಮನೆಕೆಲಸವನ್ನು ಪರಭಾರೆ ಮಾಡಿದಳು. ಈ ವಿಧಾನ ಯಾಕೆ ಸೋಲುತ್ತದೆ ಎಂದರೆ, ಪದ ಅನ್ನುವುದು ಒಂಟಿಯಾಗಿ ಬದುಕುವುದಿಲ್ಲ. ಅದಕ್ಕೆ ನೆಂಟರಿದ್ದಾರೆ, ಅದಕ್ಕೂ ಒಂದು ಕೇರಿ ಇದೆ. ಅರ್ಥ ಕೇಳುವ ಮೊದಲು ಪದವನ್ನು ನಾಲ್ಕು ಪ್ರಶ್ನೆ ಕೇಳಬೇಕು.

ಮೊದಲನೆಯದು: ಇದು ಯಾವುದರ ಜೊತೆ ಬರುತ್ತದೆ? ಪರಭಾರೆ ಆಗುವುದು ಜಮೀನು, ನಿವೇಶನ, ಸ್ವತ್ತು. ಕೆಲಸ ಅಲ್ಲ, ಜವಾಬ್ದಾರಿ ಅಲ್ಲ, ಪ್ರೀತಿಯಂತೂ ಅಲ್ಲ. ಅದರ ಜೊತೆ ಬರುವ ಕ್ರಿಯಾಪದಗಳೂ ಎರಡು ಮೂರೇ: ಪರಭಾರೆ ಮಾಡು, ಪರಭಾರೆ ಆಗು, ಪರಭಾರೆ ಮಾಡಿಸಿಕೊ. 'ಪರಭಾರೆ ಕೊಟ್ಟರು', 'ಪರಭಾರೆ ಬಂತು' ಅಂತ ಯಾರೂ ಅನ್ನುವುದಿಲ್ಲ. ಹುಡುಗಿಯ ವಾಕ್ಯದಲ್ಲಿ ಪದದ ಎಡಕ್ಕೆ 'ಸರ್ಕಾರ ಕೊಟ್ಟಿದ್ದ ಜಮೀನು' ಇದೆ, ಬಲಕ್ಕೆ 'ಆಗಿರೋದ್ರಿಂದ' ಇದೆ. ಎರಡೂ ಕಡೆ ಪದದ ಸ್ವಂತ ನೆಂಟರೇ.

ಎರಡನೆಯದು: ಇದರ ಎಲ್ಲೆ ಎಲ್ಲಿಗೆ ಮುಗಿಯುತ್ತದೆ? ಅಪ್ಪ ಮತ್ತು ನಾನು ಸೋತದ್ದು ಇಲ್ಲಿ. 1978ರಲ್ಲಿ ಕರ್ನಾಟಕ ಒಂದು ಕಾಯಿದೆ ಮಾಡಿತು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧದ ಕಾಯಿದೆ, ನಮ್ಮ ಜನ ಪಿ.ಟಿ.ಸಿ.ಎಲ್. ಅನ್ನುವುದು ಇದನ್ನೇ. 1979ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದರಲ್ಲಿ ಪರಭಾರೆ ಅಂದರೆ ಕ್ರಯ ಮಾತ್ರ ಅಲ್ಲ. ದಾನ, ಅದಲು ಬದಲು, ಸ್ವಾಧೀನ ಬಿಟ್ಟುಕೊಟ್ಟ ಅಥವಾ ಕೊಡದ ಅಡಮಾನ, ಗುತ್ತಿಗೆ ಎಲ್ಲವೂ ಪರಭಾರೆ. ಮುಂದೆ ಮಾರುತ್ತೇನೆ ಎಂದು ಬರೆದುಕೊಟ್ಟ ಕರಾರು ಕೂಡ ಪರಭಾರೆ. ಅಂದಮೇಲೆ ತಾತನ ಭೋಗ್ಯವೂ ಪರಭಾರೆಯೇ. ಒಂದು ಪೈಸೆಗೂ ಮಾರದೆ ಜಮೀನು ಪರಭಾರೆ ಆಗಬಹುದು. 'ಮಾರಿಲ್ಲ' ಎಂಬ ಅಪ್ಪನ ಮಾತು ನಿಜ, 'ಪರಭಾರೆ ಆಗಿಲ್ಲ' ಎಂದು ಬರೆದುಕೊಂಡದ್ದು ಸುಳ್ಳು. ಒಂದು ವಾಕ್ಯ ಇನ್ನೊಂದಾಗಿ ಬದಲಾದದ್ದು ಮೇಜಿನ ಈ ಕಡೆಯಿಂದ ಆ ಕಡೆಗೆ ಹೋಗುವಷ್ಟರಲ್ಲಿ.

ಎಲ್ಲೆಗೆ ಆಚೆ ಬದಿಯೂ ಇದೆ. ಅಣ್ಣತಮ್ಮಂದಿರು ಜಮೀನನ್ನು ಪಾಲು ಮಾಡಿಕೊಂಡರೆ ಅದು ಪರಭಾರೆ ಅಲ್ಲ. ಮರಣಶಾಸನ, ಅಂದರೆ ವಿಲ್ ಬರೆದಿಟ್ಟರೆ ಅದೂ ಅಲ್ಲ. ಇನ್ನೂ ಒಂದು ಎಚ್ಚರ: ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಚಾಕರಿಗೆ ಸೇರಿದ ಇನಾಮಿನ ಜಮೀನುಗಳು ಈ ಕಾಯಿದೆಯ 'ಮಂಜೂರಾದ ಜಮೀನು' ಎಂಬ ಮಾತಿನೊಳಗೆ ಬರುವುದಿಲ್ಲ. ಅವಕ್ಕೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬೇರೆಯೇ ಇದೆ. ಇದನ್ನು ತಿಳಿಯದೆ ಅರ್ಜಿ ಬರೆದುಕೊಟ್ಟು ಜನರನ್ನು ವರ್ಷಗಟ್ಟಲೆ ಅಲೆಸಿದ ಕಾರ್ಯಕರ್ತ ಗೆಳೆಯರೂ ನಮ್ಮಲ್ಲಿದ್ದಾರೆ. ಪದದ ಎಲ್ಲೆ ತಿಳಿಯುವುದು ಅಂದರೆ ಅದು ಏನು ಅಲ್ಲ ಎಂಬುದನ್ನೂ ತಿಳಿಯುವುದು.

ಮೂರನೆಯದು: ವಾಕ್ಯದಲ್ಲಿ ಕರ್ತೃ ಯಾರು? ಇದಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಇದೇ ಮುಖ್ಯ.

ನಾಲ್ಕನೆಯದು: ಈ ಪದವನ್ನು ತೆಗೆದು ಇನ್ನೊಂದನ್ನು ಇಟ್ಟರೆ ವಾಕ್ಯಕ್ಕೆ ಏನಾಗುತ್ತದೆ? 'ಮೇಷ್ಟ್ರು ಪರಭಾರೆ ಪದದ ಅರ್ಥ ಕೇಳಿದರು' ಎಂಬಲ್ಲಿ ಪರಭಾರೆಯ ಬದಲು ಬದನೆಕಾಯಿ ಇಟ್ಟರೂ ನಡೆಯುತ್ತದೆ. ಯಾವ ಪದ ಇಟ್ಟರೂ ನಡೆಯುವ ವಾಕ್ಯ ಯಾವ ಪದಕ್ಕೂ ಋಣಿಯಲ್ಲ. ಹುಡುಗಿಯ ವಾಕ್ಯದಲ್ಲಿ ಪರಭಾರೆ ತೆಗೆದು 'ಮಾರಾಟ' ಇಟ್ಟು ನೋಡಿ. ಆಗ ತಾತ ತಪ್ಪಿತಸ್ಥನಾಗುತ್ತಾನೆ, ಮೊಮ್ಮಗಳ ಕೂಲಿ ಅವನ ದಡ್ಡತನದ ಫಲವಾಗುತ್ತದೆ. 'ಪರಭಾರೆ' ಇದ್ದಾಗ ಮಾತ್ರ ಅಲ್ಲೊಂದು ಕಾಯಿದೆ ಮುರಿದಿದೆ, ಅದನ್ನು ಮುರಿದು ಲಾಭ ಪಡೆದವರು ಬೇರೊಬ್ಬರಿದ್ದಾರೆ ಎಂಬುದು ವಾಕ್ಯದೊಳಗೆ ಬರುತ್ತದೆ. ಅಪರೂಪದ ಪದ ಬೇಕಾಗುವುದು ಇಂಥ ಕಡೆಗೆ. ಸಾಮಾನ್ಯ ಪದ ಸಾಕಾಗುವ ಕಡೆ ಅದನ್ನು ತಂದು ಕೂರಿಸಿದರೆ ಅದು ಶೋಕಿ.

4

ಈಗ ಕರ್ತೃವಿನ ವಿಷಯ.

ಅಜ್ಜಿ ಅನ್ನುತ್ತಿದ್ದುದು 'ಹೊಲ ಹೋಯ್ತು'. ಈ ವಾಕ್ಯದಲ್ಲಿ ಕರ್ತೃ ಹೊಲ. ಹೊಲವೇ ಎದ್ದು ಎಲ್ಲಿಗೋ ಹೋದ ಹಾಗೆ, ಮಳೆ ಹೋದ ಹಾಗೆ, ಕಣ್ಣು ಹೋದ ಹಾಗೆ. ನಮ್ಮ ಕೇರಿಗಳ ಮಾತಿನಲ್ಲಿ ಇಂಥ ವಾಕ್ಯಗಳು ಎಷ್ಟಿವೆ ಲೆಕ್ಕ ಹಾಕಿ. 'ಜೀತಕ್ಕೆ ಬಿತ್ತು', 'ಮನೆ ಸುಟ್ಟೋಯ್ತು', 'ಓದು ನಿಂತೋಯ್ತು', 'ಮಾನ ಹೋಯ್ತು'. ಎಲ್ಲವೂ ತಂತಾನೇ ಆಗಿಬಿಡುತ್ತವೆ, ಮಾಡಿದವರು ಕಾಣುವುದಿಲ್ಲ. ಇದನ್ನು ಮುಗ್ಧತೆ ಅಂತ ನಾನು ತಿಳಿದಿಲ್ಲ. ಮಾಡಿದವನ ಹೆಸರು ಹೇಳಿದರೆ ನಾಳೆ ಅವನ ಹೊಲಕ್ಕೇ ಕೂಲಿಗೆ ಹೋಗಬೇಕಾದವರು ಕಂಡುಕೊಂಡ ವ್ಯಾಕರಣ ಇದು. ಅಜ್ಜಿಗೆ ಕರ್ತೃ ಯಾರು ಅಂತ ಚೆನ್ನಾಗಿ ಗೊತ್ತಿತ್ತು. ವಾಕ್ಯದಲ್ಲಿ ಹೇಳುವ ಜಾಗ ಅವಳಿಗೆ ಇರಲಿಲ್ಲ, ಅಷ್ಟೆ.

ಆದರೆ ಪತ್ರಿಕೆಯವರಿಗೆ ಅಂಥ ಭಯ ಇಲ್ಲವಲ್ಲ? ಅವರೂ 'ದಲಿತ ಯುವಕನ ಮೇಲೆ ಹಲ್ಲೆ ನಡೆದಿದೆ' ಎಂದೇ ಬರೆಯುತ್ತಾರೆ. ಹಲ್ಲೆ ಅನ್ನುವುದು ಸಂತೆಯೋ ಜಾತ್ರೆಯೋ ನಡೆದ ಹಾಗೆ ನಡೆಯುತ್ತದೆ. ದಲಿತನ ಜಾತಿ ವಾಕ್ಯದಲ್ಲಿ ಇರುತ್ತದೆ, ಹೊಡೆದವನ ಜಾತಿ ಇರುವುದಿಲ್ಲ. ಅಜ್ಜಿಯ ವಾಕ್ಯಕ್ಕೂ ಪತ್ರಿಕೆಯ ವಾಕ್ಯಕ್ಕೂ ವ್ಯಾಕರಣ ಒಂದೇ, ರಾಜಕಾರಣ ಬೇರೆ. ಒಂದು ಭಯದಿಂದ ಹುಟ್ಟಿದ್ದು, ಇನ್ನೊಂದು ಭಯವಿಲ್ಲದ್ದರಿಂದ ಹುಟ್ಟಿದ್ದು.

'ಪರಭಾರೆ' ಎಂಬ ಪದದ ಜೊತೆ ಕನ್ನಡ ಒಂದು ಒಳ್ಳೆಯ ಅನುಕೂಲ ಮಾಡಿಕೊಟ್ಟಿದೆ. 'ತಾತ ಜಮೀನನ್ನು ಪರಭಾರೆ ಮಾಡಿದ' ಅಂದರೆ ಕರ್ತೃ ತಾತ. 'ಜಮೀನು ಪರಭಾರೆ ಆಗಿದೆ' ಅಂದರೆ ಕರ್ತೃವೇ ಮಾಯ. 'ದೊಡ್ಡ ಮನೆಯವರು ಜಮೀನನ್ನು ಪರಭಾರೆ ಮಾಡಿಸಿಕೊಂಡಿದ್ದಾರೆ' ಅಂದರೆ? 'ಇಸು' ಸೇರಿದ್ದರಿಂದ ಒಬ್ಬರು ಇನ್ನೊಬ್ಬರಿಂದ ಮಾಡಿಸಿದರು ಎಂದಾಯಿತು. 'ಕೊಳ್ಳು' ಸೇರಿದ್ದರಿಂದ ತಮಗಾಗಿ, ತಮ್ಮ ಲಾಭಕ್ಕಾಗಿ ಮಾಡಿಸಿದರು ಎಂದಾಯಿತು. ಎರಡು ಪ್ರತ್ಯಯದಲ್ಲಿ ಇಡೀ ಊರಿನ ಚರಿತ್ರೆ ಇದೆ. ವ್ಯಾಕರಣದ ತರಗತಿಯಲ್ಲಿ ಪ್ರೇರಣಾರ್ಥಕ ಅಂತ ಬಾಯಿಪಾಠ ಮಾಡಿಸುವುದು ಇದನ್ನೇ. ಆದರೆ ಉದಾಹರಣೆ ಕೊಡುವಾಗ 'ರಾಮನು ಭೀಮನಿಂದ ಕೆಲಸವನ್ನು ಮಾಡಿಸಿದನು' ಅನ್ನುತ್ತೇವೆ. ಯಾವ ಕೆಲಸ, ಯಾರು ರಾಮ, ಯಾಕೆ ಭೀಮ ಮಾಡಿದ, ಕೂಲಿ ಎಷ್ಟು ಅಂತ ಯಾವ ಮೇಷ್ಟ್ರೂ ಕೇಳುವುದಿಲ್ಲ.

ಕಾಯಿದೆಯೂ ಇದೇ ವ್ಯಾಕರಣದಲ್ಲಿ ಯೋಚಿಸುತ್ತದೆ. ಷರತ್ತು ಮೀರಿ ಆದ ಪರಭಾರೆ, ಕಾಯಿದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಪರಭಾರೆ, ಎರಡೂ ಅಸಿಂಧು. ಮಂಜೂರಾದವನು ಮನಸಾರೆ ಒಪ್ಪಿ ಹೆಬ್ಬೆಟ್ಟು ಒತ್ತಿದನೋ ಬಲವಂತಕ್ಕೆ ಒತ್ತಿದನೋ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಮಂಜೂರಾದ ಜಮೀನು ಮೂಲ ಮಂಜೂರಾತಿದಾರನ ಅಥವಾ ಅವನ ವಾರಸುದಾರರ ಕೈಯಲ್ಲಿ ಇಲ್ಲದೆ ಬೇರೆಯವರ ಸ್ವಾಧೀನದಲ್ಲಿದ್ದರೆ, ಅದು ಅಸಿಂಧು ಪರಭಾರೆಯಿಂದಲೇ ಬಂದದ್ದು ಎಂದು ಭಾವಿಸಿಕೊಳ್ಳಬೇಕು, ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಸ್ವಾಧೀನದಲ್ಲಿ ಇರುವವರದು. ಅಂದರೆ ಆ ದಿನ ಮೇಜಿನ ಆಚೆಯವರು 'ಪರಭಾರೆ ಆಗಿದೆಯಾ' ಅಂತ ಅಪ್ಪನನ್ನು ಕೇಳುವ ಅಗತ್ಯವೇ ಇರಲಿಲ್ಲ. 'ಹೊಲದಲ್ಲಿ ಈಗ ಯಾರಿದ್ದಾರೆ' ಅಂತ ಕೇಳಿದ್ದರೆ ಸಾಕಿತ್ತು. ಅದು ಅಪ್ಪನಿಗೆ ಅರ್ಥವಾಗುವ ಕನ್ನಡ.

ಈ ಕಾಯಿದೆಯನ್ನು 1984ರಲ್ಲಿ ಸುಪ್ರೀಂ ಕೋರ್ಟು ಮಂಚೇಗೌಡ ಪ್ರಕರಣದಲ್ಲಿ ಸಿಂಧು ಎಂದು ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು ಅರ್ಜಿಯನ್ನು 'ಸಮಂಜಸವಾದ ಕಾಲ'ದೊಳಗೆ ಹಾಕಬೇಕು ಎಂದಿತು. ತಡವಾಯಿತು ಎಂಬ ಕಾರಣಕ್ಕೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ಹೋರಾಟಗಳಾಗಿ, 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಈ ಕಾಯಿದೆಯಡಿ ಕಾಲಮಿತಿ ಇಲ್ಲ ಎಂದು ಸೇರಿಸಿತು. ಆಮೇಲೂ ನ್ಯಾಯಾಲಯಗಳಲ್ಲಿ 'ತಡ'ದ ವಾದ ನಿಂತಿಲ್ಲ. 'ಸಮಂಜಸ' ಅನ್ನುವುದೂ ನಮ್ಮ ಕೇರಿಗೆ ಅಪರೂಪದ ಪದವೇ. ಒಂದು ಪದದ ಅರ್ಥ ತಿಳಿಯುವುದಕ್ಕೆ ಮೂರು ತಲೆಮಾರು ಹಿಡಿದಿರುವ ಮನೆಯಲ್ಲಿ ಎಷ್ಟು ವರ್ಷ ಸಮಂಜಸ?

5

ಇಷ್ಟೆಲ್ಲ ಕಾನೂನಿನ ಮಾತು ಸಾಹಿತ್ಯ ವಿಮರ್ಶೆಯ ಸಂಚಿಕೆಯಲ್ಲಿ ಯಾಕೆ ಅಂತ ಗೆಳೆಯರು ಕೇಳಬಹುದು. ನಾವು ವಿಮರ್ಶೆ ಬರೆಯುವವರು ಮಾಡುತ್ತಿರುವುದೂ ಅದೇ ಪರೀಕ್ಷೆ, ಸೋಲುತ್ತಿರುವುದೂ ಅದರಲ್ಲೇ. ಬೇರೆಯವರ ಉದಾಹರಣೆ ಬೇಡ. ನನ್ನ ಎಂ.ಎ. ಸಂಪ್ರಬಂಧದಲ್ಲಿ ಹೀಗೊಂದು ವಾಕ್ಯ ಬರೆದಿದ್ದೆ: 'ಪ್ರಸ್ತುತ ಕೃತಿಯು ದಲಿತ ಅಸ್ಮಿತೆಯ ಅನನ್ಯ ಸಂವೇದನೆಯನ್ನು ಸಮರ್ಥವಾಗಿ ಅಭಿವ್ಯಕ್ತಿಸುತ್ತದೆ.' ಮಾರ್ಗದರ್ಶಕರು ಪಕ್ಕದಲ್ಲಿ ಸರಿ ಗುರುತು ಹಾಕಿದ್ದರು. ಈಗ ಓದಿದರೆ, ಇದು 'ಮೇಷ್ಟ್ರು ಪರಭಾರೆ ಪದದ ಅರ್ಥ ಕೇಳಿದರು' ಎಂಬ ವಾಕ್ಯದ ಖಾಸಾ ಅಣ್ಣ. 'ಪ್ರಸ್ತುತ ಕೃತಿ' ಇರುವಲ್ಲಿ ಯಾವ ಕೃತಿಯನ್ನಾದರೂ ಇಡಬಹುದು. 'ದಲಿತ' ತೆಗೆದು 'ಗ್ರಾಮೀಣ' ಇಡಬಹುದು, 'ಸ್ತ್ರೀ' ಇಡಬಹುದು. ವಾಕ್ಯ ಅಲ್ಲಾಡುವುದಿಲ್ಲ. ಅಲ್ಲಾಡದ ವಾಕ್ಯ ಯಾರನ್ನೂ ಅಲ್ಲಾಡಿಸುವುದಿಲ್ಲ.

'ಅಸ್ಮಿತೆ' ಬೇಡ ಅನ್ನುತ್ತಿಲ್ಲ. ಸಂಸ್ಕೃತದ ಪದ ಎಂಬ ಕಾರಣಕ್ಕೆ ಯಾವ ಪದವನ್ನೂ ಹೊರಗೆ ನಿಲ್ಲಿಸುವ ಮಡಿ ನಮಗೆ ಬೇಡ. ಆದರೆ ಅದನ್ನೂ ಆ ನಾಲ್ಕು ಪ್ರಶ್ನೆ ಕೇಳೋಣ. ಅಸ್ಮಿತೆ ಯಾವುದರ ಜೊತೆ ಬರುತ್ತದೆ, ಏನು ಅಲ್ಲ, ಯಾರು ಯಾರಿಗೆ ಏನು ಮಾಡಿದ್ದರಿಂದ ಆ ಪದ ಇಲ್ಲಿ ಬೇಕಾಯಿತು, ಅದನ್ನು ತೆಗೆದರೆ ಯಾವ ಸತ್ಯ ಬಿದ್ದುಹೋಗುತ್ತದೆ? ಉತ್ತರ ಇದ್ದರೆ ಬಳಸೋಣ.

ಇನ್ನೊಂದು ಕಡೆಯಿಂದಲೂ ಈ ಮೋಸ ನಡೆಯುತ್ತದೆ. ನಮ್ಮವರ ಕಥೆ ಕಾದಂಬರಿಗಳ ಕೊನೆಗೆ 'ಪದಕೋಶ' ಅಂತ ಒಂದು ಪಟ್ಟಿ ಸೇರಿಸುವ ರೂಢಿ ಇದೆ. ಅದರಲ್ಲಿ 'ತಮಟೆ: ಒಂದು ಚರ್ಮವಾದ್ಯ', 'ಮಿಣಿ: ಚರ್ಮದ ಹಗ್ಗ' ಎಂದಿರುತ್ತದೆ. 'ಅಗ್ರಹಾರ', 'ಮಡಿ', 'ತೀರ್ಥ' ಎಂಬ ಪದಗಳಿಗೆ ಯಾವ ಕಾದಂಬರಿಯ ಕೊನೆಗಾದರೂ ಅರ್ಥ ಕೊಟ್ಟಿದ್ದಾರೆಯೆ? ನಾವು ಅವನ್ನು ಯಾರ ಸಹಾಯವೂ ಇಲ್ಲದೆ ವಾಕ್ಯದಿಂದಲೇ ಕಲಿತೆವು. ದೇವನೂರ ಮಹಾದೇವರ 'ಕುಸುಮಬಾಲೆ' ಬಂದಾಗ ಇದು ಅರ್ಥವಾಗುವುದಿಲ್ಲ ಎಂಬ ದೂರು ಓದುಗರಿಂದ ಕೇಳಿಬಂತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಒಂದು ಸೀಮೆಯ ಜನ ದಿನಾ ಆಡುವ ಕನ್ನಡ ಕನ್ನಡದ ಓದುಗನಿಗೆ ಕಠಿಣ ಆಗುವುದಾದರೆ, ಆ ಓದುಗ ಯಾರು ಎಂಬುದು ವಿಮರ್ಶೆಯ ಮೊದಲ ಪ್ರಶ್ನೆ ಆಗಬೇಕಾಗಿತ್ತು.

ಅರ್ಥ ಕೊಟ್ಟುಬಿಟ್ಟರೆ ಪದ ಬರುತ್ತದೆ ಎಂಬುದೂ ಸುಳ್ಳೇ. 'ತಮಟೆ: ಒಂದು ಚರ್ಮವಾದ್ಯ' ಅಂತ ಓದಿಕೊಂಡವನು 'ಅವರು ತಮಟೆಯನ್ನು ಮಧುರವಾಗಿ ನುಡಿಸಿದರು' ಅಂತ ಬರೆಯುತ್ತಾನೆ. ನಮ್ಮ ಕೇರಿಯಲ್ಲಿ ತಮಟೆ ಬಡಿಯುತ್ತಾರೆ. ಅದಕ್ಕಿಂತ ಮೊದಲು ತಮಟೆ ಕಾಯಿಸುತ್ತಾರೆ. ಹುಲ್ಲು ಸೌದೆಯ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡದೆ ತಮಟೆ ದನಿ ಕೊಡುವುದಿಲ್ಲ. "ತಮಟೆ ಕಾಯಿಸ್ಕಂಡ್ ಬಾರ್ಲಾ" ಎಂಬ ಮಾತು ಗೊತ್ತಿಲ್ಲದವನಿಗೆ ತಮಟೆ ಎಂಬ ಪದ ಗೊತ್ತಿಲ್ಲ, ಅದರ ಅರ್ಥ ಗೊತ್ತಿದ್ದರೂ ಕೂಡ. ಹಾಗಂತ ಇದನ್ನೇ ಕಾನೂನು ಮಾಡುವುದೂ ಸರಿಯಲ್ಲ. ನಮ್ಮ ಹುಡುಗನೊಬ್ಬ ವೇದಿಕೆ ಹತ್ತಿ 'ನಾನು ತಮಟೆ ಬಡಿಯೋನಲ್ಲ, ನುಡಿಸೋನು' ಅಂದರೆ ಅವನು ತಪ್ಪು ಮಾಡುತ್ತಿಲ್ಲ. ವೀಣೆಗೆ ಇರುವ ಕ್ರಿಯಾಪದವನ್ನು ತಮಟೆಗೂ ಕೇಳುತ್ತಿದ್ದಾನೆ. ಓದಿಕೊಂಡವನು ತಿಳಿಯದೆ ಬಳಸಿದ, ಇವನು ತಿಳಿದು ಬದಲಿಸಿದ. ಈ ವ್ಯತ್ಯಾಸ ವಿಮರ್ಶೆಗೆ ಕಾಣಬೇಕು.

ನಮ್ಮ ಚಳವಳಿಯ ಚರಿತ್ರೆಯೇ ಹೀಗೆ ತಿಳಿದು ಬದಲಿಸಿದ ಪದಗಳ ಚರಿತ್ರೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಮಾತಾಡುತ್ತ 'ಬೂಸಾ' ಎಂಬ ಪದ ಬಳಸಿದರು. ದನಕ್ಕೆ ಹಾಕುವ ಹೊಟ್ಟು ತೌಡಿನ ಪದ ಅದು, ದನ ಮೇಯಿಸುವವರಿಗೆಲ್ಲ ಗೊತ್ತಿದ್ದ ಪದ. ಅದನ್ನು ಸಾಹಿತ್ಯದ ಪಕ್ಕ ತಂದು ನಿಲ್ಲಿಸಿದ್ದೇ ಅಪರಾಧವಾಯಿತು. ಗಲಭೆಗಳಾದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಮಾಡಿದರು, ಅವರು ಸಚಿವ ಸ್ಥಾನ ಬಿಡಬೇಕಾಯಿತು. ಆದರೆ ಆ ಒಂದು ಪದಪ್ರಯೋಗದಿಂದ ಒಂದು ತಲೆಮಾರಿನ ದಲಿತ ಲೇಖಕರು, ಹೋರಾಟಗಾರರು ಒಟ್ಟಾದರು. 'ದಲಿತ' ಎಂಬ ಪದವನ್ನೇ ನೋಡಿ. ಸಂಸ್ಕೃತದಲ್ಲಿ ಅದಕ್ಕೆ ಒಡೆದ, ಸೀಳಿದ, ತುಳಿಯಲ್ಪಟ್ಟ ಎಂಬ ಅರ್ಥಗಳಿವೆ, ಬಿರಿದು ಅರಳಿದ ಎಂಬ ಅರ್ಥವೂ ಇದೆ. ಮರಾಠಿಯಲ್ಲಿ, 1972ರ ದಲಿತ ಪ್ಯಾಂಥರ್ಸ್‌ನಲ್ಲಿ, ಆಮೇಲೆ ನಮ್ಮ ದಲಿತ ಸಂಘರ್ಷ ಸಮಿತಿಯಲ್ಲಿ ಆ ಪದ ಕೂತ ವಾಕ್ಯಗಳು ಬದಲಾದವು. 'ದಲಿತರನ್ನು ಉದ್ಧಾರ ಮಾಡಬೇಕು' ಎಂಬಲ್ಲಿ ಕರ್ಮವಾಗಿದ್ದ ಪದ 'ದಲಿತರು ಬರುತ್ತಿದ್ದಾರೆ' ಎಂಬಲ್ಲಿ ಕರ್ತೃವಾಯಿತು. ನಿಘಂಟು ಹಾಗೇ ಇತ್ತು, ವಿಭಕ್ತಿ ಬದಲಾಯಿತು. ದ್ವಿತೀಯೆಯಿಂದ ಪ್ರಥಮೆಗೆ ಬರುವುದಕ್ಕೆ ನಮಗೆ ಎಷ್ಟು ಕಾಲ ಹಿಡಿಯಿತು!

6

ಉತ್ತರಪತ್ರಿಕೆ ಕೊಡುವ ದಿನ ಆ ಹುಡುಗಿಯ ಅರ್ಧ ಅಂಕವನ್ನು ಒಂದು ಮಾಡಿದೆ. ಸಹೋದ್ಯೋಗಿಯವರ ಜೊತೆ ಸ್ವಲ್ಪ ಮಾತಾಯಿತು. "ನೀವು ಜಾತಿ ನೋಡಿ ಅಂಕ ಕೊಡ್ತೀರ" ಅಂದರು. "ಪದ ನೋಡಿ ಕೊಟ್ಟಿದ್ದೀನಿ ಸರ್" ಅಂದೆ. ಅವರ ಮಾತಿನಲ್ಲಿ ಒಂದು ನಿಜವೂ ಇದೆ: ಪರೀಕ್ಷೆಯಲ್ಲಿ ಬರೆಯುವ ಭಾಷೆ ಮಕ್ಕಳಿಗೆ ಬರಲೇಬೇಕು, ಇಲ್ಲದಿದ್ದರೆ ನಾಳೆ ಅರ್ಜಿ ಬರೆಯುವವರು ಯಾರು? ಅದನ್ನು ಅವಳಿಗೆ ಹೇಳಿದೆ. "ಆಗಿರುವುದರಿಂದ ಅಂತ ಬರೆಯೋದು ಕಲಿ. ಆದ್ರೆ ಕೆಂಪು ಗೆರೆ ನೋಡಿ ವಾಕ್ಯ ಬಿಟ್ಟುಬಿಡ್ಬೇಡ" ಅಂದೆ. ಆಮೇಲೆ ಕೇಳಿದೆ, "ನಿಮ್ಮ ತಾತ ಪರಭಾರೆ ಮಾಡಿದ್ರಾ, ಅವ್ರು ಮಾಡಿಸ್ಕೊಂಡ್ರಾ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಡಿಸ್ಕೊಂಡ್ರು ಸರ್" ಅಂದಳು.

"ಹಾಗೇ ಬರಿ."

ಮಾರನೆಯ ದಿನ ಅವಳು ಸಾಗುವಳಿ ಚೀಟಿಯ ಜೆರಾಕ್ಸ್ ತಂದಿದ್ದಳು. ಮಂಜೂರಾದ ವರ್ಷ, ಷರತ್ತಿನ ಅವಧಿ ನೋಡಿಕೊಂಡೆವು. ಈ ಅವಧಿ ಯಾವ ನಿಯಮದಡಿ ಮಂಜೂರಾಯಿತು ಎಂಬುದರ ಮೇಲೆ ಬೇರೆ ಬೇರೆ ಇರುತ್ತದೆ, ಮೊದಲು ನೋಡಬೇಕಾದದ್ದು ಅದನ್ನೇ. ಉಪವಿಭಾಗಾಧಿಕಾರಿಗೆ ಅರ್ಜಿಯ ಕರಡನ್ನು ಅವಳೇ ಬರೆದಳು. ನಾನು ಎರಡು ಕಡೆ ಕಾಗುಣಿತ ತಿದ್ದಿದೆ, ಅಷ್ಟೆ.

ನಮ್ಮ ಹೊಲದ ಮೇಲ್ಮನವಿ ಇನ್ನೂ ನಡೆಯುತ್ತಿದೆ. ಅಪ್ಪನ 2011ರ ಹೇಳಿಕೆ ಅಡ್ಡ ನಿಂತಿದೆ, ಇಷ್ಟು ತಡ ಯಾಕೆ ಅಂತಲೂ ಕೇಳುತ್ತಿದ್ದಾರೆ. ಹೋದ ಸಲ ದಿನಾಂಕಕ್ಕೆ ಹೋಗುವ ಮೊದಲು ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಂದು ವಾಕ್ಯವನ್ನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಏನಪ್ಪ ಅಂತ ಕೇಳಿದೆ. ಅಪ್ಪ ಪರೀಕ್ಷೆಗೆ ಹೊರಟ ಹುಡುಗನ ಹಾಗೆ, ಒಂದೊಂದೇ ಪದ ಬಿಡಿಸಿ ಒಪ್ಪಿಸಿದ:

"ನಮ್ಮಪ್ಪನಿಗೆ ಮಂಜೂರಾದ ಜಮೀನನ್ನ ಅವರು ಭೋಗ್ಯದ ಹೆಸರಲ್ಲಿ ಪರಭಾರೆ ಮಾಡಿಸ್ಕೊಂಡವ್ರೆ ಸ್ವಾಮಿ."

ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಅವುಗಳ ಜಾಗದಲ್ಲಿ ಇದ್ದವು. ಕೊನೆಯ 'ಸ್ವಾಮಿ' ಒಂದನ್ನು ಬಿಡಿಸಲು ನನಗೆ ಇನ್ನೂ ಆಗಿಲ್ಲ.